ಬಿ.ಸಿ.ಯಲ್ಲಿ ಮೌಂಟನ್ ಗೋಟ್ ಬೇಟೆ: ಔಟ್‌ಫಿಟ್ಟರ್ ಆರಿಸೋದು ಹೇಗೆ?

ಬಿಟ್ಟಂಗಾಲದವ

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವನು. ಸಿಯಾಟಲ್ ಹತ್ತಿರ ನೆಲೆಸಿ ಬಹಳ ವರ್ಷ ಆಯಿತು, ಗ್ರೀನ್ ಕಾರ್ಡ್ ಉಂಟು. ಮುಂದಿನ ವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ (ಬಿ.ಸಿ.) ಹೋಗಿ ಒಂದು ಮೌಂಟನ್ ಗೋಟ್ (ಕಡಿದಾದ ಬೆಟ್ಟಗಳ ಬಿಳಿ ಕಾಡುಮೇಕೆ) ಬೇಟೆ ಮಾಡಬೇಕು ಅಂತ ದುಡ್ಡು ಕೂಡಿಡುತ್ತಾ ಬಂದಿದ್ದೇನೆ. ಯಾವ ಔಟ್‌ಫಿಟ್ಟರ್ (ಗೈಡ್, ಕ್ಯಾಂಪ್ ಒದಗಿಸಿ ಬೇಟೆಗೆ ಕರೆದೊಯ್ಯುವವರು) ಜೊತೆ ಹೋಗೋದು ಅನ್ನೋದೇ ಬಗೆಹರಿಯುತ್ತಿಲ್ಲ.

ನಮ್ಮ ಮನೆಯಲ್ಲಿ ಕೋವಿಗೆ ಪೂಜೆ ಉಂಟು. ಕೈಲ್‌ಪೊಳ್ದ್ ದಿನ ಹೂ ಇಟ್ಟು ಕೈಮುಗಿದು, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವರು ನಾವು. ಆದರೆ ಕಾಡಿನ ಬೇಟೆ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಮುಗಿಯಿತು, ಅದು ನಾನು ಹುಟ್ಟುವ ಮೊದಲಿನ ಮಾತು. ಅಜ್ಜ ಹೇಳುತ್ತಿದ್ದ ಹಂದಿ ಬೇಟೆಯ ಕಥೆ ಕೇಳಿದ್ದು ಬಿಟ್ಟರೆ ಊರಲ್ಲಿ ನಾನು ಏನೂ ಹೊಡೆದವನಲ್ಲ. ಇಲ್ಲಿಗೆ ಬಂದ ಮೇಲೆ ಹಂಟರ್ ಎಜುಕೇಶನ್ ಮುಗಿಸಿ ಬ್ಲ್ಯಾಕ್‌ಟೇಲ್ ಜಿಂಕೆಯ ಬೇಟೆ ಕಲಿತೆ.

ವಾಷಿಂಗ್ಟನ್ ರಾಜ್ಯದಲ್ಲಿ ಗೋಟ್ ಪರ್ಮಿಟ್ ಲಾಟರಿಯಲ್ಲಿ ಬರಬೇಕು, ಬಂದರೂ ಜೀವಮಾನಕ್ಕೆ ಒಂದೇ. ನನಗೆ ಇದುವರೆಗೆ ಬಂದಿಲ್ಲ. ಬಿ.ಸಿ.ಗೆ ಹೋದರೆ ಹೊರಗಿನವರು ಗೈಡ್ ಇಲ್ಲದೆ ದೊಡ್ಡ ಪ್ರಾಣಿಯ ಬೇಟೆ ಆಡುವಂತಿಲ್ಲ. ಸರಿ, ದುಡ್ಡು ಕೊಟ್ಟೇ ಹೋಗೋದು ಅಂತ ತೀರ್ಮಾನ ಮಾಡಿದೆ. ಮೂರು ಕಡೆ ವಿಚಾರಿಸಿದ್ದೇನೆ, ಹೆಸರು ಬೇಡ.

ಮೊದಲನೆಯವರು: 7 ದಿನ, ತೇಲುವಿಮಾನದಲ್ಲಿ ಒಂದು ಕೆರೆಗೆ ಇಳಿಸುತ್ತಾರೆ, ಇಬ್ಬರು ಬೇಟೆಗಾರರಿಗೆ ಒಬ್ಬ ಗೈಡ್, 13,500 ಅಮೆರಿಕನ್ ಡಾಲರ್. ವೆಬ್‌ಸೈಟಿನಲ್ಲಿ ದೊಡ್ಡದಾಗಿ "ನೂರಕ್ಕೆ ನೂರು ಯಶಸ್ಸು" ಅಂತ ಹಾಕಿದ್ದಾರೆ. ಎರಡನೆಯವರು: 10 ದಿನ, ಕುದುರೆ ಕ್ಯಾಂಪ್, ಒಬ್ಬರಿಗೆ ಒಬ್ಬ ಗೈಡ್, 18,000 ಮತ್ತು ತೆರಿಗೆ. ಕೆಲವರು ಬರಿಗೈಲಿ ಹೋಗೋದೂ ಉಂಟು ಅಂತ ಅವರೇ ಹೇಳಿದರು. ಮೂರನೆಯದು ಒಬ್ಬ ಏಜೆಂಟ್ ಮೂಲಕ ಬಂದದ್ದು: ಯಾರೋ ಕ್ಯಾನ್ಸಲ್ ಮಾಡಿದ ಜಾಗ, ಕರಾವಳಿಯಲ್ಲಿ ದೋಣಿಯಿಂದ ಬೇಟೆ, 9,000. ಆದರೆ ಎರಡು ದಿನದೊಳಗೆ ಪೂರ್ತಿ ಹಣ ವೈರ್ ಮಾಡಬೇಕಂತೆ.

ನನಗೆ 46. ಎಡ ಮಂಡಿ ಇಳಿಜಾರಿನಲ್ಲಿ ಸ್ವಲ್ಪ ಕಾಟ ಕೊಡುತ್ತೆ, ಏರು ತೊಂದರೆ ಇಲ್ಲ. ಅನುಭವ ಇದ್ದವರು ದಾರಿ ತೋರಿಸಿ. ಫೋನಿನಲ್ಲಿ ಏನು ಕೇಳಬೇಕು?

ಕೋಡಿಯಾಕ್ ಮಳೆ

ನಾನು ಅಲಾಸ್ಕಾದಲ್ಲಿದ್ದೇನೆ, ಊರು ತೀರ್ಥಹಳ್ಳಿ. ನಿಮ್ಮ ಪಟ್ಟಿಯಲ್ಲಿ ಅಲಾಸ್ಕಾ ಇಲ್ಲ, ಆದರೂ ಯೋಚನೆ ಮಾಡಿ. ಹೊರರಾಜ್ಯದವರಿಗೆ ಇಲ್ಲಿ ಕಂದು ಕರಡಿ, ಡಾಲ್ ಕುರಿ, ಮೌಂಟನ್ ಗೋಟ್ ಈ ಮೂರಕ್ಕೆ ಗೈಡ್ ಕಡ್ಡಾಯ. ಇಲ್ಲವೇ 19 ದಾಟಿದ, ಅಲಾಸ್ಕಾ ನಿವಾಸಿಯಾದ ಹತ್ತಿರದ ಸಂಬಂಧಿ ಜೊತೆಗಿರಬೇಕು. ಕೋಡಿಯಾಕ್ ದ್ವೀಪಕ್ಕೆ ಗೋಟ್ ಮೂಲದಲ್ಲಿ ಇರಲಿಲ್ಲ. 1952–53ರಲ್ಲಿ 18 ತಂದು ಬಿಟ್ಟರು, ಈಗ ದ್ವೀಪದ ತುಂಬ ಹರಡಿವೆ. ಅಲ್ಲಿಯ ಹೆಚ್ಚಿನ ಜಾಗ ಫೆಡರಲ್ ವನ್ಯಜೀವಿ ಧಾಮ. ಒಂದೊಂದು ಪ್ರದೇಶವನ್ನು ಒಬ್ಬೊಬ್ಬ ಗೈಡಿಗೆ ಪರ್ಮಿಟ್ ಮೇಲೆ ಕೊಟ್ಟಿರುತ್ತಾರೆ, ಹಾಗಾಗಿ ಯಾರು ಅಧಿಕೃತ ಅನ್ನೋದು ಕೇಳಿದರೆ ಗೊತ್ತಾಗುತ್ತೆ. ರಾಜ್ಯದ ಲೈಸೆನ್ಸ್ ಪಟ್ಟಿಯೂ ಆನ್‌ಲೈನಿನಲ್ಲಿದೆ, ಹೆಸರು ಹಾಕಿ ನೋಡಬಹುದು.

ಇಲ್ಲಿ ವಿಮಾನದಲ್ಲಿ ಇಳಿದ ದಿನವೇ ಹೊಡೆಯುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆ ದಾಟಬೇಕು. "ಇಳಿದ ಸಂಜೆಯೇ ಮುಗಿಸಿಬಿಡೋಣ" ಅನ್ನೋ ಗೈಡ್ ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ. ಕೋಡಿಯಾಕ್‌ನಲ್ಲಿ ಕರಡಿಗಳ ವಿಷಯವನ್ನೂ ಕೇಳಿ. ಹೊಡೆದ ಗೋಟ್ ಮೇಲೆ ರಾತ್ರಿಯೊಳಗೆ ಕರಡಿ ಬಂದು ಕೂತಿರೋದು ಅಲ್ಲಿ ಅಪರೂಪ ಅಲ್ಲ.

ಸ್ಮಿದರ್ಸ್ ಅಕ್ಕ

ಬಿಟ್ಟಂಗಾಲದವರೇ, ನಾನು ಸಕಲೇಶಪುರ ತಾಲ್ಲೂಕಿನವಳು. ಉತ್ತರ ಬಿ.ಸಿ.ಯ ಡೀಸ್ ಲೇಕ್‌ನಿಂದ ಆಚೆ, ಅಲ್ಲಿಯ ಮೂಲನಿವಾಸಿಗಳಾದ ತಾಲ್ಟನ್ ಜನರ ನೆಲದಲ್ಲಿ, ಒಂದು ಕುದುರೆ ಕ್ಯಾಂಪಿನಲ್ಲಿ ಕೆಲವು ಸೀಸನ್ ಅಡುಗೆ ಮಾಡಿದ್ದೇನೆ. ಈಗ ಸ್ಮಿದರ್ಸ್‌ನಲ್ಲಿ ಬೇರೆ ಕೆಲಸ. ನೀವು ಹೇಳಿದ ಮೂವರಲ್ಲಿ ಯಾರೂ ನನಗೆ ಬೇಕಾದವರಲ್ಲ. ನಾನು ಕೋವಿ ಹಿಡಿದವಳೂ ಅಲ್ಲ. ಆದರೆ ಬೆಟ್ಟದಿಂದ ಇಳಿದವರು ಮೊದಲು ಬಂದು ಕೂರೋದು ಅಡುಗೆ ಡೇರೆಯ ಒಲೆ ಮುಂದೆ. ಗೈಡೂ ಬೇಟೆಗಾರರೂ ಒಬ್ಬರ ಮುಖ ಒಬ್ಬರು ನೋಡ್ತಾರಾ ಇಲ್ಲವಾ ಅನ್ನೋದರಲ್ಲೇ ಆ ದಿನ ಏನಾಯಿತು ಅಂತ ಗೊತ್ತಾಗಿಬಿಡುತ್ತೆ.

ಫೋನ್ ಮಾಡಿದಾಗ ಮೊದಲ ಪ್ರಶ್ನೆ ಇದಾಗಿರಲಿ: "ನಿಮ್ಮ ಗೈಡ್ ಯಾವ ಸಂದರ್ಭದಲ್ಲಿ ಗುಂಡು ಹಾರಿಸಬೇಡಿ ಅಂತಾರೆ?" ಇದಕ್ಕೆ ಥಟ್ಟನೆ ಉತ್ತರ ಬರೋ ಕಡೆ ದುಡ್ಡು ಕೊಡಿ. ಮಿಕ್ಕ ಪ್ರಶ್ನೆಗಳೆಲ್ಲ ಇದರ ಹಿಂದೆ ಬರೋವು.

ಯಾಕೆ ಅಂತ ಹೇಳ್ತೀನಿ. ಒಂದು ಸಲ ದಕ್ಷಿಣದ ಕಡೆಯಿಂದ ಬಂದ ಒಬ್ಬ ಹಿರಿಯರಿಗೆ ದಿನಗಟ್ಟಲೆ ಮಂಜು ಮುಸುಕಿ ಡೇರೆಯಿಂದ ಹೊರಗೆ ಕಾಲಿಡೋಕೆ ಆಗಿರಲಿಲ್ಲ. ಕೊನೆಗೆ ಆಕಾಶ ತೆರೆದ ದಿನ ದೊಡ್ಡ ಹೋತ ಕಣ್ಣಿಗೆ ಬಿತ್ತು. 250 ಗಜ ಇರಬಹುದು, ಕಲ್ಲಿನ ಚಾಚಿನ ಮೇಲೆ ಕಾಲು ಮಡಿಸಿ ಮಲಗಿದೆ, ಕೆಳಗೆ ನೇರ ಕಮರಿ. ಗೈಡ್ ಹುಡುಗ ಸ್ಪಾಟಿಂಗ್ ಸ್ಕೋಪಿನಲ್ಲಿ ನೋಡಿ, ಹೋತವೇ ಹೌದು, ವಯಸ್ಸೂ ಆಗಿದೆ, ಆದರೆ ಅಲ್ಲಿ ಇರೋವರೆಗೂ ಹೊಡೆಯೋ ಹಾಗಿಲ್ಲ ಅಂದುಬಿಟ್ಟ. ಗೋಟ್ ಜೀವ ಬಲು ಗಟ್ಟಿ. ಸರಿಯಾದ ಜಾಗಕ್ಕೆ ಗುಂಡು ಬಿದ್ದರೂ ಎದ್ದು ಎರಡು ಹೆಜ್ಜೆ ಹಾಕುತ್ತೆ, ಆ ಎರಡು ಹೆಜ್ಜೆಯಲ್ಲಿ ಅಂಚು ದಾಟುತ್ತೆ. ನೂರಾರು ಅಡಿ ಉರುಳಿದ ಮೇಲೆ ಕೊಂಬು ಮುರಿದಿರುತ್ತೆ, ಚರ್ಮ ಹರಿದಿರುತ್ತೆ, ಮಾಂಸ ಜಜ್ಜಿ ಹೋಗಿರುತ್ತೆ. ಇಳಿದು ತರೋಕೆ ಹೋದ ಮನುಷ್ಯನ ಪ್ರಾಣಕ್ಕೂ ಗ್ಯಾರಂಟಿ ಇಲ್ಲ. ಇಬ್ಬರೂ ಕತ್ತಲಾಗೋವರೆಗೆ ಕಲ್ಲಿನ ಮೇಲೆ ಮಲಗಿ ಕಾದರು, ಹೋತ ಏಳಲಿಲ್ಲ. ಹೆಡ್‌ಲ್ಯಾಂಪ್ ಹಾಕಿಕೊಂಡು ಇಳಿದು ಬಂದರು. ಊಟಕ್ಕೆ ಕೂತಾಗ ಆ ಹಿರಿಯರು ಸಾರು ಮುಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಹುಡುಗ ಒದ್ದೆ ಸಾಕ್ಸು ಒಲೆ ಮೇಲಿನ ಹಗ್ಗಕ್ಕೆ ಹಾಕಿ, ತಟ್ಟೆ ತುಂಬ ಅನ್ನ ಉಂಡು ಮಲಗಿದ. ಮರುದಿನ ಮತ್ತೆ ಮಂಜು. ಅವರು ಬರಿಗೈಲೇ ಊರಿಗೆ ಹೋದರು.

ನಿಮಗೆ ಬೇಕಾಗಿರೋದು ಇಂಥವರ ಫೋನ್ ನಂಬರು. ಎಲ್ಲ ಔಟ್‌ಫಿಟ್ಟರೂ ದೊಡ್ಡ ಹೋತದ ಜೊತೆ ಫೋಟೋ ಹೊಡೆಸಿಕೊಂಡವರ ಪಟ್ಟಿ ಕೊಡ್ತಾರೆ. "ಕಳೆದ ಎರಡು ಸೀಸನ್‌ನಲ್ಲಿ ಗೋಟ್ ಸಿಗದೆ ಹೋದವರ ನಂಬರ್ ಕೊಡಿ" ಅಂತ ಕೇಳಿ. ಅವರ ಹತ್ತಿರ ಗೈಡ್ ಎಷ್ಟು ಹೊತ್ತಿಗೆ ಏಳ್ತಿದ್ದ, ಮಂಜಿನ ದಿನ ಏನು ಮಾಡ್ತಿದ್ದ, ಸ್ಯಾಟಲೈಟ್ ಫೋನ್ ಅಥವಾ ಇನ್‌ರೀಚ್ (ಸ್ಯಾಟಲೈಟ್ ಮೂಲಕ ಸಂದೇಶ ಕಳಿಸೋ ಸಾಧನ) ಯಾರ ಕೈಲಿತ್ತು, ಊಟ ಸಾಕಾಗ್ತಿತ್ತಾ ಅಂತ ವಿಚಾರಿಸಿ. ಬರಿಗೈಲಿ ಹೋದವರೂ "ಆ ಮನುಷ್ಯ ಒಳ್ಳೆಯವನು" ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಈಗ ನೂರಕ್ಕೆ ನೂರರ ಲೆಕ್ಕ. ಯಾವುದರಲ್ಲಿ ನೂರು ಅಂತ ಕೇಳಿ. ಅದರಲ್ಲಿ ಎಷ್ಟು ಹೋತ, ಎಷ್ಟು ನ್ಯಾನಿ, ಅಂದರೆ ಹೆಣ್ಣು? ಬಿ.ಸಿ.ಯಲ್ಲಿ ಹೊಡೆದ ಪ್ರತಿ ಗೋಟನ್ನೂ ಸರ್ಕಾರದ ಕಡ್ಡಾಯ ತಪಾಸಣೆಗೆ ಒಯ್ಯಬೇಕು, ಗಂಡೋ ಹೆಣ್ಣೋ, ವಯಸ್ಸೆಷ್ಟು ಅಂತ ಅಲ್ಲಿ ದಾಖಲಾಗುತ್ತೆ. ಹಾಗಾಗಿ "ನಮಗೆ ನೆನಪಿಲ್ಲ" ಅನ್ನೋಕೆ ಆಗಲ್ಲ, ಕಾಗದ ಅವರ ಹತ್ತಿರವೇ ಇರುತ್ತೆ. ಕಳೆದ ಮೂರು ವರ್ಷದ ಗಂಡು-ಹೆಣ್ಣು ಲೆಕ್ಕ ಮತ್ತು ವಯಸ್ಸು ಕೇಳಿ. ಬಹುಪಾಲು ಏಳೆಂಟು ವರ್ಷ ದಾಟಿದ ಹೋತಗಳೇ ಇದ್ದರೆ ಅಲ್ಲಿ ಗೈಡುಗಳು ನೋಡಿ ಹೊಡೆಸ್ತಾರೆ ಅಂತ ಅರ್ಥ. ಮೂರು ನಾಲ್ಕು ವರ್ಷದವು, ನ್ಯಾನಿಗಳು ಜಾಸ್ತಿ ಇದ್ದರೆ ಆ ನೂರಕ್ಕೆ ನೂರು ಹೇಗೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ.

ನ್ಯಾನಿ ವಿಷಯ ನನಗೆ ಸಂಕಟದ್ದು, ಅದಕ್ಕೇ ಇಷ್ಟು ಬರೀತಿದ್ದೀನಿ. ಈ ಪ್ರಾಣಿಯಲ್ಲಿ ಗಂಡು-ಹೆಣ್ಣು ಎರಡಕ್ಕೂ ಕೊಂಬಿದೆ, ಎರಡೂ ಬಿಳಿ, ಉದ್ದದಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ. ಹೆಣ್ಣು ಮೊದಲ ಮರಿ ಹಾಕೋದೇ ನಾಲ್ಕೈದು ವರ್ಷಕ್ಕೆ, ಅದೂ ಸಾಮಾನ್ಯವಾಗಿ ಒಂದೇ ಒಂದು. ಒಂದು ಬೆಟ್ಟದ ಹಿಂಡಿನಿಂದ ಕೆಲವು ಒಳ್ಳೆ ನ್ಯಾನಿಗಳು ಹೋದರೆ ಆ ಬೆಟ್ಟ ಚೇತರಿಸಿಕೊಳ್ಳೋಕೆ ವರ್ಷಗಟ್ಟಲೆ ಬೇಕು. ಮರಿ ಜೊತೆಗಿರೋ ನ್ಯಾನಿಯನ್ನು ಹೊಡೆಯೋದು ಕಾನೂನುಬಾಹಿರ. ಒಂಟಿ ನ್ಯಾನಿಯನ್ನು ಎಷ್ಟೋ ಕಡೆ ಕಾನೂನು ಬಿಟ್ಟರೂ ಒಳ್ಳೆ ಗೈಡ್ ಬಿಡಲ್ಲ.

ಗುರುತು ಹಿಡಿಯೋದು ಅವನ ಕೆಲಸ, ಆದರೆ ನೀವೂ ಕಲಿತು ಹೋಗಿ. ನಮ್ಮ ಕ್ಯಾಂಪಿನ ಊಟದ ಮೇಜಿನ ಮೇಲೆ ಹಳೆಯ ಎರಡು ತಲೆಬುರುಡೆ ಇಟ್ಟಿದ್ದರು, ಹೊಸಬರು ಬಂದ ಸಂಜೆ ಅದರ ಮೇಲೆ ಪಾಠ. ಹೋತದ ಕೊಂಬಿನ ಬುಡ ದಪ್ಪ, ಎರಡರ ನಡುವೆ ಸಂದು ಕಿರಿದು, ಬುಡದಿಂದ ತುದಿವರೆಗೆ ಒಂದೇ ಸಮ ಬಾಗಿರುತ್ತೆ. ನ್ಯಾನಿಯದ್ದು ಸಪೂರ, ನಡುವೆ ಅಗಲ ಜಾಗ, ನೆಟ್ಟಗೆ ಮೇಲೆ ಹೋಗಿ ತುದಿಯಲ್ಲಿ ಹಿಂದಕ್ಕೆ ಕೊಕ್ಕೆ ಬಾಗುತ್ತೆ. ಮೂತ್ರ ಮಾಡುವಾಗ ನ್ಯಾನಿ ಕುಕ್ಕರಿಸುತ್ತೆ, ಹೋತ ಮೈ ಮುಂದಕ್ಕೆ ಚಾಚಿ ನಿಲ್ಲುತ್ತೆ. ಇದನ್ನು ನೋಡೋಕೆ ಒಂದು ಗಂಟೆ ಕಾಯಬೇಕಾದರೆ ಕಾಯಬೇಕು. ವಯಸ್ಸು ಕೊಂಬಿನ ಉಂಗುರದಲ್ಲಿ ಸಿಗುತ್ತೆ, ಮೊದಲ ಉಂಗುರ ಬೀಳೋದು ಎರಡನೇ ಚಳಿಗಾಲಕ್ಕೆ, ಹಾಗಾಗಿ ಎಣಿಸಿದ್ದಕ್ಕೆ ಒಂದು ಸೇರಿಸಬೇಕು.

ಇನ್ನು ಯಾರು ನಿಮ್ಮ ಜೊತೆ ಬೆಟ್ಟ ಹತ್ತುತ್ತಾರೆ ಅನ್ನೋದು. ಬಿ.ಸಿ.ಯಲ್ಲಿ ಒಂದೊಂದು ಟೆರಿಟರಿಯಲ್ಲಿ (ಗಡಿ ಗುರುತಿಸಿದ ಬೇಟೆ ಪ್ರದೇಶ) ಹೊರಗಿನವರನ್ನು ಗೈಡ್ ಮಾಡೋ ಹಕ್ಕು ಒಬ್ಬ ಗೈಡ್ ಔಟ್‌ಫಿಟ್ಟರ್‌ಗೆ ಮಾತ್ರ ಇರುತ್ತೆ. ಫೋನಿನಲ್ಲಿ ಮಾತಾಡೋದು ಆ ಮಾಲೀಕ, ಆದರೆ ನಿಮ್ಮ ಪಕ್ಕ ಮಲಗಿ ಸ್ಕೋಪ್ ನೋಡೋದು ಹೆಚ್ಚಿನ ಸಲ ಅಸಿಸ್ಟೆಂಟ್ ಗೈಡ್. ಅವನ ಹೆಸರು ಕೇಳಿ, ಆ ಟೆರಿಟರಿಯಲ್ಲಿ ಎಷ್ಟು ವರ್ಷದಿಂದ ಇದ್ದಾನೆ ಕೇಳಿ, ಆಗೋದಾದರೆ ಅವನ ಜೊತೆಯೇ ಮಾತಾಡಿಸಿ ಅನ್ನಿ. ಸೀಸನ್ ಶುರುವಿಗೆ ಹೊಸ ಹುಡುಗರನ್ನು ಹಿಡಿದು ತಂದು ಕಳಿಸೋ ಕಡೆ ಅವರಿಗೂ ಬೆಟ್ಟ ಹೊಸದು, ನಿಮಗೂ ಹೊಸದು. ಟೆರಿಟರಿ ಅವರದ್ದೇ ಹೌದಾ ಅನ್ನೋದಕ್ಕೆ ಪ್ರಾಂತ್ಯದ ಪ್ರಾದೇಶಿಕ ಕಚೇರಿಗೆ ಒಂದು ಫೋನ್ ಸಾಕು. 1966ರಿಂದ ಇರೋ ಗೈಡ್ ಔಟ್‌ಫಿಟ್ಟರ್ಸ್ ಅಸೋಸಿಯೇಷನ್ ಆಫ್ ಬಿ.ಸಿ. ಅನ್ನೋ ಸಂಘದ ಸದಸ್ಯರ ಪಟ್ಟಿಯನ್ನೂ ನೋಡಿ.

ಇಬ್ಬರಿಗೆ ಒಬ್ಬ ಗೈಡ್ ಅನ್ನೋದು ಗೋಟ್ ಬೇಟೆಗೆ ನನಗೆ ಸರಿ ಕಾಣಲ್ಲ. ಇನ್ನೊಬ್ಬರ ಕಾಲು ನಿಮ್ಮ ಕಾಲಿಗಿಂತ ನಿಧಾನ ಅಥವಾ ಜೋರು, ಎರಡೂ ಕಷ್ಟ. ಮೊದಲು ಯಾರು ಹೊಡೆಯೋದು ಅನ್ನೋ ಮಾತು ಬೇರೆ. 7 ದಿನದಲ್ಲಿ ಮೂರು ದಿನ ಮಂಜು ತಿಂದರೆ, ಬರೋ ಹೋಗೋ ದಿನ ಕಳೆದರೆ, ಉಳಿದದ್ದರಲ್ಲಿ ಗೈಡಿಗೆ "ಬೇಡ" ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ವಿಮಾನದಿಂದ ಇಳಿದ ಮೇಲೆ ಆರು ಗಂಟೆ ಬೇಟೆ ಆಡುವಂತಿಲ್ಲ ಅನ್ನೋ ನಿಯಮ ಇಲ್ಲೂ ಇದೆ. ಬೇಟೆಗಾರರನ್ನು ಸಾಗಿಸೋಕೆ ಹೆಲಿಕಾಪ್ಟರ್ ನಿಷಿದ್ಧ. ಹಾಗಾಗಿ ಯಾವ ಕ್ಯಾಂಪ್ ಆದರೂ ಕೊನೆಗೆ ಕಾಲಲ್ಲೇ ಹತ್ತಬೇಕು.

ಮಂಡಿಗೆ ಕುದುರೆ ಕ್ಯಾಂಪ್ ಅರ್ಧ ಸಹಾಯ. ಮರದ ಸಾಲು ಮುಗಿಯೋವರೆಗೆ ಕುದುರೆ ಹೊರುತ್ತೆ, ಅಲ್ಲಿಂದ ಮೇಲೆ ನೀವೇ. ಕರಾವಳಿ ಬೆಟ್ಟ ನಿಮಗೆ ಬೇಡ. ಸಮುದ್ರಮಟ್ಟದಿಂದ ಹೊರಟು ಡೆವಿಲ್ಸ್ ಕ್ಲಬ್ ಮುಳ್ಳು, ಅಡ್ಡ ಮಲಗಿದ ಆಲ್ಡರ್ ಪೊದೆ, ಸುರಿಯೋ ಮಳೆಯಲ್ಲಿ ಜಾರೋ ಕಲ್ಲು, ಇಳಿಯುವಾಗ ಬೆನ್ನ ಮೇಲೆ ಮಾಂಸದ ಭಾರ. ಆ ಏಜೆಂಟ್ ವಿಷಯ: ಎರಡು ದಿನದಲ್ಲಿ ಪೂರ್ತಿ ದುಡ್ಡು ಕೇಳೋರಿಗೆ ಕೊಡಬೇಡಿ. ಕ್ಯಾನ್ಸಲೇಶನ್ ಜಾಗ ನಿಜವಾಗಿಯೂ ಇರುತ್ತೆ, ಆದರೆ ಔಟ್‌ಫಿಟ್ಟರ್ ಜೊತೆ ನೇರ ಮಾತಾಡದೆ, ಕರಾರು ಓದದೆ ಯಾರಿಗೂ ವೈರ್ ಮಾಡಬಾರದು.

ಕರಾರಿನಲ್ಲಿ ನೋಡಬೇಕಾದ ಒಂದು ಸಾಲು ಗಾಯದ್ದು. ಗುಂಡು ತಾಗಿ ಪ್ರಾಣಿ ಸಿಗದೇ ಹೋದರೆ ಸಾಮಾನ್ಯವಾಗಿ ನಿಮ್ಮ ಬೇಟೆ ಅಲ್ಲಿಗೆ ಮುಗೀತು. ಅದು ನ್ಯಾಯವೇ, ಆದರೆ ಮೊದಲೇ ತಿಳಿದಿರಿ. ತೆರಿಗೆ, ಲೈಸೆನ್ಸ್, ವಿಮಾನದ ಚಾರ್ಟರ್, ಗೈಡಿಗೆ ಟಿಪ್ಸ್ ಎಲ್ಲ ಸೇರಿ ಹೇಳಿದ ರೇಟಿನ ಮೇಲೆ ಸಾವಿರಾರು ಡಾಲರ್ ಆಗುತ್ತೆ.

ಕೊನೆಗೆ, "ಮಾಂಸ ಏನು ಮಾಡ್ತೀರಿ?" ಅಂತ ಕೇಳೋದು ಮರೀಬೇಡಿ. ತಿನ್ನೋ ಮಾಂಸವನ್ನು ಬೆಟ್ಟದಿಂದ ಇಳಿಸೋದು ಕಾನೂನು. ಇಳಿಸಿದ ಮೇಲೆ ಅದನ್ನು ಹೇಗೆ ನೋಡ್ಕೋತಾರೆ ಅನ್ನೋದು ಕ್ಯಾಂಪಿನ ನಡತೆ. ಹಳೇ ಹೋತದ ಮಾಂಸ ಗಡುಸು. ನಾನು ಊರಿಂದ ತಂದ ಕುಕ್ಕರಿನಲ್ಲಿ ಶುಂಠಿ, ಕಾಳುಮೆಣಸು, ಹುರಿದ ಕೊತ್ತಂಬರಿ ಹಾಕಿ ಚೆನ್ನಾಗಿ ಕೂಗಿಸ್ತಿದ್ದೆ. ಮೂಳೆ ಬಿಟ್ಟು ಬರೋ ಹಾಗೆ ಬೇಯೋದು. ಕೌಬಾಯ್ ಟೋಪಿ ಹಾಕಿದ ದೊಡ್ಡ ದೊಡ್ಡ ಗಂಡಸರು ಎರಡನೇ ಸಲ ತಟ್ಟೆ ಹಿಡ್ಕೊಂಡು ಬರೋರು.

ಬೆಲ್ಲಿಂಗ್‌ಹ್ಯಾಮ್ ಭಟ್ಕಳ

ಅಕ್ಕ ಎಲ್ಲ ಹೇಳಿದ್ದಾರೆ, ನಾನು ಗಡಿಯ ವಿಷಯ ಮಾತ್ರ ಸೇರಿಸ್ತೇನೆ. ಕೆನಡಾಕ್ಕೆ ರೈಫಲ್ ಒಯ್ಯಲು ಅಲ್ಲಿಯ ಫೆಡರಲ್ ಪೊಲೀಸ್ ಆರ್‌ಸಿಎಂಪಿಯ 5589 ನಂಬರಿನ ಫಾರ್ಮ್ ತುಂಬಬೇಕು. ಸಹಿಯನ್ನು ಮನೆಯಲ್ಲಿ ಹಾಕಬೇಡಿ, ಗಡಿ ಅಧಿಕಾರಿ ಎದುರಿಗೇ ಹಾಕಬೇಕು. 25 ಕೆನಡಿಯನ್ ಡಾಲರ್ ಶುಲ್ಕ, 60 ದಿನ ಚಾಲ್ತಿ. ಕರಡಿಗೆ ಅಂತ ಪಿಸ್ತೂಲು ಕಟ್ಟಿಕೊಂಡು ಹೋಗಬೇಡಿ, ಒಳಗೆ ಬಿಡಲ್ಲ. ಸಾದಾ ಬೋಲ್ಟ್ ಆ್ಯಕ್ಷನ್ ರೈಫಲ್ ಇದ್ದರೆ ತಲೆನೋವಿಲ್ಲ. ಅಮೆರಿಕದಿಂದ ಹೊರಡುವ ಮೊದಲು ಕಸ್ಟಮ್ಸ್‌ನಲ್ಲಿ 4457 ಫಾರ್ಮ್ ಮಾಡಿಸಿಕೊಳ್ಳಿ, ವಾಪಸ್ ಬರುವಾಗ ಕೋವಿ ನಿಮ್ಮದೇ ಅನ್ನೋದಕ್ಕೆ ಅದು ಬೇಕು.

ಇದನ್ನು ಓದುವ ಎಚ್-1ಬಿ ಹುಡುಗರಿಗೆ ಒಂದು ಮಾತು: ಬಿಟ್ಟಂಗಾಲದವರಿಗೆ ಗ್ರೀನ್ ಕಾರ್ಡ್ ಇದೆ, ನಿಮ್ಮ ಕಥೆ ಬೇರೆ. ವಲಸೆಯಲ್ಲದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳೋದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದ ಮರುದಿನ ಕೋವಿ ಮನೆಯಲ್ಲಿದ್ದರೂ ಅಪರಾಧವೇ. ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ.

ಹಸಿರು ಹಾದಿ

ಓದಿ ಬೇಸರ ಆಯಿತು. ಮುಕುರ್ತಿ ಬೆಟ್ಟದಲ್ಲಿ ನೀಲಗಿರಿ ತಾರ್ ಹಿಂಡು ಮಂಜಿನ ನಡುವೆ ಮೇಯುತ್ತಾ ಬಂಡೆ ಮೇಲೆ ಹೋಗಿದ್ದನ್ನು ನೋಡಿದವನು ನಾನು. ಅಂಥದೇ ಒಂದು ಜೀವವನ್ನು ಹದಿನೆಂಟು ಸಾವಿರ ಡಾಲರ್ ಕೊಟ್ಟು ಕೊಲ್ಲಬೇಕಾ? ಕ್ಯಾಮೆರಾ ಹಿಡಿದು ಹೋದರೆ ಆ ಬೆಟ್ಟ, ಆ ಪ್ರಾಣಿ ಎರಡೂ ಸಿಗುತ್ತೆ. ಯಾರನ್ನೂ ನೋಯಿಸೋಕೆ ಬರೆದದ್ದಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಬಿಟ್ಟಂಗಾಲದವ

ಹಸಿರು ಹಾದಿಯವರೇ, ಬೇಸರ ಇಲ್ಲ, ನೀವು ಕೇಳಿದ್ದು ಸರಿಯೇ. ನನ್ನ ಹೆಂಡತಿಯೂ ಇದನ್ನೇ ಕೇಳುತ್ತಾಳೆ. ನಾನು ತಿನ್ನುವ ಮಾಂಸದ ಒಂದಷ್ಟನ್ನು ನಾನೇ ಕಾಡಿನಿಂದ ತರಬೇಕು, ಕೊಂದದ್ದು ನಾನೇ ಅಂತ ಗೊತ್ತಿರಬೇಕು ಅನ್ನೋದು ನನಗೆ ಮುಖ್ಯ. ಗೋಡೆಗೆ ತಲೆ ನೇತುಹಾಕುವ ಆಸೆ ನನಗಿಲ್ಲ, ಮಾಂಸ ಮತ್ತು ಚರ್ಮ ಸಾಕು. ಊರಲ್ಲಿ ಕಾನೂನು ಬೇಡ ಅಂದಿದೆ, ಅದು ಸರಿ, ಅಲ್ಲಿ ಕಾಡು ಉಳಿದಿರೋದೇ ಸ್ವಲ್ಪ. ಇಲ್ಲಿ ಪ್ರಾಣಿಗಳ ಲೆಕ್ಕ ಇಟ್ಟು ಬೇಟೆಗೆ ಬಿಡುತ್ತಾರೆ ಅನ್ನೋ ನಂಬಿಕೆ ಮೇಲೆ ಹೋಗುತ್ತಿದ್ದೇನೆ. ಆ ಲೆಕ್ಕ ಎಷ್ಟು ಗಟ್ಟಿ ಅಂತ ಅಕ್ಕನೇ ಹೇಳಬೇಕು.

ಸ್ಮಿದರ್ಸ್ ಅಕ್ಕ

ಲೆಕ್ಕ ಕೆಲವು ಕಡೆ ಗಟ್ಟಿ, ಕೆಲವು ಕಡೆ ಇಲ್ಲ. ಲೋಕದ ಮೌಂಟನ್ ಗೋಟ್‌ಗಳಲ್ಲಿ ಸುಮಾರು ಅರ್ಧ ಬಿ.ಸಿ.ಯಲ್ಲೇ ಇವೆ, ಆದರೆ ಕಡಿದಾದ ಬೆಟ್ಟದಲ್ಲಿ ವಿಮಾನದಿಂದ ಎಣಿಸೋದು ಕಷ್ಟದ ಕೆಲಸ, ಎಲ್ಲ ಬೆಟ್ಟವನ್ನೂ ಪ್ರತಿ ವರ್ಷ ಎಣಿಸೋಕೆ ಆಗಲ್ಲ. ಪಕ್ಕದ ಆಲ್ಬರ್ಟಾದ ಕಥೆ ಎಲ್ಲರೂ ತಿಳೀಬೇಕು. ಅಲ್ಲಿ ಹಿಂಡುಗಳು ಕರಗಿ 1980ರ ದಶಕದ ಕೊನೆಗೆ ಬೇಟೆಯನ್ನೇ ಪೂರ್ತಿ ನಿಲ್ಲಿಸಿದರು. ಕಾ ರಿಜ್ ಅನ್ನೋ ಬೆಟ್ಟದಲ್ಲಿ ವಿಜ್ಞಾನಿಗಳು ಒಂದೊಂದು ಗೋಟಿಗೂ ಗುರುತು ಹಾಕಿ ವರ್ಷಗಟ್ಟಲೆ ಕೂತು ನೋಡಿದರು. ನ್ಯಾನಿಗಳು ಎಷ್ಟು ತಡವಾಗಿ ಮರಿ ಹಾಕ್ತಾವೆ, ಹೆಣ್ಣನ್ನು ಹೊಡೆದರೆ ಹಿಂಡು ಎಷ್ಟು ಬೇಗ ಕುಸಿಯುತ್ತೆ ಅನ್ನೋದು ಹೆಚ್ಚಾಗಿ ಅಲ್ಲಿಂದಲೇ ಗೊತ್ತಾಗಿದ್ದು. 2001ರಲ್ಲಿ ಮತ್ತೆ ತೆರೆದಾಗ ಬೆರಳೆಣಿಕೆಯ ಪರ್ಮಿಟ್ ಕೊಟ್ಟರು. ಐವತ್ತಕ್ಕಿಂತ ಚಿಕ್ಕ ಹಿಂಡಿನಿಂದ ಒಂದನ್ನೂ ತೆಗೆಯಬಾರದು ಅಂತ ಆ ಸಂಶೋಧಕರು ಹೇಳ್ತಾರೆ.

ಆದ್ದರಿಂದ ಔಟ್‌ಫಿಟ್ಟರ್‌ಗೆ ಇನ್ನೊಂದು ಪ್ರಶ್ನೆ: "ನಿಮ್ಮ ಟೆರಿಟರಿಯಲ್ಲಿ ಯಾವ ಬೆಟ್ಟಕ್ಕೆ ಈ ವರ್ಷ ಹೋಗಲ್ಲ?" ತನ್ನ ನೆಲ ತಿಳಿದವರು ಒಂದೆರಡು ಹೆಸರು ಹೇಳ್ತಾರೆ. ಹೋದ ವರ್ಷ ಅಲ್ಲಿ ಮರಿ ಕಡಿಮೆ ಇತ್ತು, ಚಳಿಗಾಲ ಕೆಟ್ಟದಾಗಿತ್ತು, ಒಂದೆರಡು ವರ್ಷ ಬಿಡ್ತೀವಿ ಅಂತಾರೆ. ಅಂಥವರು ಇದ್ದಾರೆ, ಅವರ ಹತ್ತಿರ ದುಡ್ಡು ಹೋದರೆ ಆ ಬೆಟ್ಟಕ್ಕೂ ಒಳ್ಳೇದು. ತಾಲ್ಟನ್ ಜನರ ಜೊತೆ ಅವರ ಸಂಬಂಧ ಹೇಗಿದೆ ಅಂತಲೂ ಕೇಳಿ. ನಮ್ಮ ಕ್ಯಾಂಪಿನ ಹಿರಿಯ ಗೈಡ್ ತಾಲ್ಟನ್ ಸಮುದಾಯದವರು. ಅವರ ಜೊತೆ ಕಣಿವೆಯಲ್ಲಿ ನಡೆದರೆ ಯಾವ ಕಲ್ಲಿನ ಹಿಂದೆ ಉಪ್ಪುಮಣ್ಣು ನೆಕ್ಕೋಕೆ ಗೋಟ್ ಬರ್ತಾವೆ ಅನ್ನೋದು ನಕ್ಷೆ ಇಲ್ಲದೆ ಗೊತ್ತಾಗ್ತಿತ್ತು.

ಹಸಿರು ಹಾದಿಯವರೇ, ಕ್ಯಾಮೆರಾ ಹಿಡಿದು ಬನ್ನಿ, ಖಂಡಿತ ಬನ್ನಿ. ಸ್ಟಿಕೀನ್ ನದಿಯ ಮಹಾಕಮರಿಯ ಗೋಡೆಗಳ ಮೇಲೆ ಗೋಟ್‌ಗಳನ್ನು ನೋಡಿದರೆ ಮರೆಯೋಕೆ ಆಗಲ್ಲ. ಹೆಲಿಕಾಪ್ಟರ್ ಟೂರ್ ಮಾತ್ರ ಬೇಡ. ಎರಡು ಕಿಲೋಮೀಟರ್ ಒಳಗೆ ಅದರ ಸದ್ದು ಬಂದರೆ ಅವು ಗಾಬರಿಯಾಗಿ ಮರಿಗಳನ್ನು ಬಿಟ್ಟು ಓಡೋದೂ ಇದೆ. ಮೇಯೋದು ಬಿಟ್ಟು ಓಡಿದ ಪ್ರತಿ ಗಂಟೆಯೂ ಚಳಿಗಾಲಕ್ಕೆ ಕೂಡಿಡಬೇಕಾದ ಕೊಬ್ಬಿನಲ್ಲಿ ಕಡಿತ.

ಬಿಟ್ಟಂಗಾಲದವ

ಅಕ್ಕ, ಈ ವಾರ ಎಲ್ಲ ಕಡೆ ಫೋನ್ ಮಾಡಿದೆ. ಮೊದಲನೆಯವರು ಗೈಡ್ ಯಾರು ಅಂತ ಆಗಸ್ಟಿನಲ್ಲಿ ಗೊತ್ತಾಗುತ್ತೆ ಅಂದರು. ಗಂಡು-ಹೆಣ್ಣು ಲೆಕ್ಕ ಕೇಳಿದ್ದಕ್ಕೆ "ಕಾನೂನಿನ ಪ್ರಕಾರವೇ ಹೊಡೆಸ್ತೇವೆ" ಅಂತಷ್ಟೇ ಉತ್ತರ. ಏಜೆಂಟ್‌ಗೆ ಬೇಡ ಅಂದೆ.

ಎರಡನೆಯವರು ಕೇಳಿದ ಕೂಡಲೇ ಮೂರು ವರ್ಷದ ಪಟ್ಟಿ ಕಳಿಸಿದರು. ಅದರಲ್ಲಿ ಒಂದು ನ್ಯಾನಿ ಉಂಟು, ಹೇಗಾಯಿತು ಅಂತ ಅವರೇ ವಿವರಿಸಿದರು. ಗೈಡ್ ಜೊತೆ ಮಾತಾಡಿಸಿದರು. ಆತ ಅಲ್ಲಿ ಹನ್ನೊಂದು ವರ್ಷದಿಂದ ಇದ್ದಾನೆ. ನನ್ನ ಮಂಡಿ ವಿಷಯ ಕೇಳಿ, ಇಳಿಯುವಾಗ ಟ್ರೆಕ್ಕಿಂಗ್ ಪೋಲ್ ಎರಡೂ ಬೇಕು, ಮಾಂಸ ನಾನು ಎರಡು ಸಲ ಹೊರುತ್ತೇನೆ, ನೀವು ರೈಫಲ್ ಮತ್ತು ಚರ್ಮ ಹೊರಿ ಅಂದ. ಬರಿಗೈಲಿ ಹೋದ ಒಬ್ಬರ ನಂಬರ್ ಕೊಟ್ಟರು. ಅವರು ಒಂದು ಗಂಟೆ ಮಾತಾಡಿದರು, ದೂರು ಇದ್ದದ್ದು ಮಳೆಯ ಮೇಲೆ ಮಾತ್ರ.

ಈಗ ದಿನಾಂಕ ಆರಿಸಬೇಕು. ಸೆಪ್ಟೆಂಬರ್ ಮಧ್ಯ ಉಂಟು, ಸೆಪ್ಟೆಂಬರ್ ಕೊನೆ ಉಂಟು, ಅಕ್ಟೋಬರ್ ಮಧ್ಯ ಉಂಟು. ಚರ್ಮ ಅಕ್ಟೋಬರ್‌ನಲ್ಲೇ ಚೆನ್ನ ಅಂತ ಎಲ್ಲರೂ ಹೇಳುತ್ತಾರೆ. ಯಾವುದು ತಗೊಳ್ಳಲಿ?

ಸ್ಮಿದರ್ಸ್ ಅಕ್ಕ

ನಿಮಗೆ ಸೆಪ್ಟೆಂಬರ್ ಕೊನೆ. ಅಕ್ಟೋಬರ್ ಮಧ್ಯಕ್ಕೆ ಕೂದಲು ಉದ್ದ ಬಂದಿರುತ್ತೆ, ಗಡ್ಡ, ಕಾಲಿನ ಚಲ್ಲಣದಂಥ ಕೂದಲು ಎಲ್ಲ ತುಂಬಿರುತ್ತೆ, ನಿಜ. ಆದರೆ ಹೊತ್ತು ಬೇಗ ಮುಳುಗುತ್ತೆ, ಮೇಲೆ ಹಿಮ ಬಿದ್ದು ಕಲ್ಲು ಕಾಣಲ್ಲ, ಒಂದು ದೊಡ್ಡ ಹಿಮ ಬಿದ್ದರೆ ಕುದುರೆಗಳನ್ನು ಕೆಳಗೆ ಅಟ್ಟಿಬಿಡ್ತಾರೆ, ಆಮೇಲೆ ಎಲ್ಲ ದೂರವೂ ನಿಮ್ಮ ಮಂಡಿಯ ಮೇಲೆ. ಸೆಪ್ಟೆಂಬರ್ ಮಧ್ಯ ಬಿಸಿಲಿದ್ದರೆ ಚರ್ಮ ಕೆಡೋ ಭಯ. ಒಂದು ವರ್ಷ ಬಿಸಿಲಿನ ದಿನ ತಂದ ಚರ್ಮಕ್ಕೆ ರಾತ್ರಿಯೆಲ್ಲ ಕೂತು ಕಿವಿಯ ಒಳಮಗ್ಗುಲು ತಿರುಗಿಸಿ, ತುಟಿ ಸೀಳಿ, ಗೊರಸಿನ ಸಂದಿನವರೆಗೆ ಕೊಬ್ಬು ಕೆರೆದು, ಟಾರ್ಪಾಲಿನ ಮೇಲೆ ಹಾಸಿ ಅಂಗೈಯಿಂದ ಪುಡಿ ಉಪ್ಪು ಉಜ್ಜಿದ್ದೆವು. ಅಷ್ಟು ಮಾಡದಿದ್ದರೆ ಬೆಳಗಾಗೋದರೊಳಗೆ ಕೂದಲು ಹಿಡಿ ಹಿಡಿ ಕೈಗೆ ಬರುತ್ತೆ. ಕ್ಯಾಂಪಿನಲ್ಲಿ ಉಪ್ಪು ಎಷ್ಟು ಮೂಟೆ ಇಡ್ತಾರೆ ಕೇಳಿ, ಅಯೋಡಿನ್ ಇಲ್ಲದ ಸಣ್ಣ ಉಪ್ಪು ಆಗಬೇಕು.

ತಯಾರಿ ಈಗಲೇ ಶುರು ಮಾಡಿ. ಹದಿನೈದು ಇಪ್ಪತ್ತು ಕಿಲೋ ಬೆನ್ನಿಗೆ ಹಾಕಿ ಇಳಿಯೋದನ್ನೇ ಹೆಚ್ಚು ಅಭ್ಯಾಸ ಮಾಡಿ, ಏರು ತಾನಾಗೇ ಬರುತ್ತೆ. ವ್ಯಾಂಕೂವರ್ ಕಡೆ ಬಂದಾಗ ಗ್ರೌಸ್ ಗ್ರೈಂಡ್ ಅನ್ನೋ ಕಡಿದಾದ ಕಾಲುದಾರಿ ಹತ್ತಿ, ಸುಮಾರು 800 ಮೀಟರ್ ಏರು. ಗೋಟ್ ಬೇಟೆಯ ಒಂದು ದಿನದ ಏರಿನಲ್ಲಿ ಅದು ಅರ್ಧ ಅಷ್ಟೇ. ಅಲ್ಲಿ ಕಾಲ್ನಡಿಗೆಯಲ್ಲಿ ಇಳಿಯೋಕೆ ಬಿಡಲ್ಲ, ಇಳಿಯೋ ಅಭ್ಯಾಸಕ್ಕೆ ನಿಮ್ಮ ಸಿಯಾಟಲ್ ಹತ್ತಿರದ ಬೆಟ್ಟಗಳೇ ಆಗಬೇಕು. ಗುರಿ ಅಭ್ಯಾಸವನ್ನು ಬೆಂಚಿನ ಮೇಲೆ ಅಲ್ಲ, ಚೀಲಕ್ಕೆ ಒರಗಿ, ಏದುಸಿರಿನಲ್ಲಿ, ಇಳಿಜಾರಿಗೆ ಗುರಿ ಹಿಡಿದು ಮಾಡಿ.

ಆ ಗೈಡಿನ ಹೆಸರು ಕರಾರಿನಲ್ಲಿ ಬರೆಸಿಕೊಂಡ ಮೇಲೆ ಮುಂಗಡ ಕಳಿಸಿ. ಅವನು ಆ ವರ್ಷ ಬಿಟ್ಟು ಹೋದರೆ ದಿನಾಂಕ ಬದಲಾಯಿಸೋ ಹಕ್ಕು ನಿಮಗಿರಬೇಕು, ಅದನ್ನೂ ಒಂದು ಸಾಲು ಸೇರಿಸಲು ಹೇಳಿ.